ಬೋರೇಗೌಡನ ಹಿಡಿಮಣ್ಣು

ಇಬ್ಬರು ರೈತರು ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತ ಬಂದು, ನಮ್ಮಿಬ್ಬರ ಭೂಮಿ ಅದಲು ಬದಲು ಮಾಡಿಕೊಡಿ ಎಂದರೆ ಅವತ್ತೇ ಮಾಡಿಕೊಡಬೇಡಿ. ಮನೆಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ಬನ್ನಿ ಎಂದು ಅಟ್ಟಿಬಿಡಿ. ಜಗಳವಾಡುತ್ತ ಬಂದವರಿಗೆ ಬೇಕಾದರೆ ಕೂಡಲೇ ಮಾಡಿಕೊಡಿ. ಅವರು ದಾರಿಯಲ್ಲೇ ಎಲ್ಲವನ್ನೂ ಅಳೆದು ಸುರಿದು ಮುಗಿಸಿರುತ್ತಾರೆ. ನಗುತ್ತ ಬಂದವರೇ ಆಮೇಲೆ ನಮ್ಮ ಜಗಲಿ ಸವೆಸುವವರು.

ನನ್ನ ತಮ್ಮನ ಮಗ ಈಗ ನನ್ನ ನಂತರ ನಮ್ಮೂರಿನ ಶಾನುಭೋಗಿಕೆ ಹಿಡಿದಿದ್ದಾನೆ. ಲೆಕ್ಕ ಚೆನ್ನಾಗಿ ಬರುತ್ತದೆ, ಅಕ್ಷರ ನನ್ನದಕ್ಕಿಂತ ದುಂಡಗೆ. ಹೊಲಕ್ಕೆ ಹೋಗಿ ನೋಡಿಕೊಂಡು ಬಾ ಎಂದರೆ ಮಾತ್ರ ಬಿಸಿಲು ಎನ್ನುತ್ತಾನೆ. ಅವನಿಗೂ ಅವನಂಥವರಿಗೂ ಇರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ. ಯಾವ ಅಧಿಕಾರಿ ನನಗೆ ಯಾವ ಶಾಲು ಹೊದಿಸಿದ ಎಂಬುದು ಇದರಲ್ಲಿಲ್ಲ. ಯಾರೂ ಹೊದಿಸಲಿಲ್ಲ ಎನ್ನುವುದೂ ಒಂದು ಕಾರಣ.

ಸಿಂಧಘಟ್ಟದ ಮಗ್ಗುಲಿನ ನಮ್ಮ ಸಣ್ಣ ಊರಿನಲ್ಲಿ ಭೂಮಿ ಮಾರುವವರು ಕಡಿಮೆ, ಬದಲಾಯಿಸಿಕೊಳ್ಳುವವರು ಹೆಚ್ಚು. ಅಪ್ಪನ ಕಾಲದಲ್ಲಿ ಒಂದೇ ಆಗಿದ್ದ ಹೊಲ ಮಕ್ಕಳ ಕಾಲಕ್ಕೆ ಚೂರಾಗುತ್ತದೆ. ಒಬ್ಬನ ಚೂರು ಇನ್ನೊಬ್ಬನ ಚೂರಿನ ನಡುವೆ ಸಿಕ್ಕಿಕೊಳ್ಳುತ್ತದೆ. ಒಬ್ಬನ ಎತ್ತು ಕುಂಟುತ್ತದೆ, ದೂರದ ಹೊಲಕ್ಕೆ ನಡೆಯಲಾರದು. ಇನ್ನೊಬ್ಬನಿಗೆ ಪಕ್ಕದ ಹೊಲದವನ ಮುಖ ಕಂಡರಾಗದು. ಹೀಗೆ ಕಾರಣ ಏನೇನೋ. ನಮ್ಮ ಕೆಲಸ ಅದನ್ನು ಕೇಳಿ, ಎರಡು ಭೂಮಿಯನ್ನೂ ನಡೆದು ನೋಡಿ, ಊರ ಪಟೇಲ ಮತ್ತು ಗಡಿ ಬಲ್ಲ ಕುಳವಾಡಿಯ ಎದುರಿಗೆ ಬದಲು ಮಾಡಿಸುವುದು.

ನಡೆದು ನೋಡಿ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಒಮ್ಮೆ ಹೊಣಕೆರೆಯ ಕಡೆ ಒಂದು ಭೂಮಿ ಬದಲು ಮಾಡಿಸಲು ನನ್ನನ್ನು ಎರವಲು ಕರೆಸಿದ್ದರು. ಅಲ್ಲಿಯ ಶಾನುಭೋಗ ಜ್ವರ ಬಂದು ಮಲಗಿದ್ದ. ಮೇಲಿನಿಂದ ಬಂದ ಅಧಿಕಾರಿಯೊಬ್ಬ ಅಳತೆಯ ಹೊಸ ಹಗ್ಗ ತಂದಿದ್ದ. ನಾವು ಹೊಲವನ್ನು ಎಷ್ಟು ಬೀಜ ಹಿಡಿಯುತ್ತದೆ ಎಂಬುದರ ಮೇಲೆ ಹೇಳುವವರು. ಅವನು ಅದೆಲ್ಲ ಹಳೆಯ ಕಾಲದ್ದು, ಹಗ್ಗಕ್ಕೆ ಹಗ್ಗ ಸರಿಹೋದರೆ ಬದಲು ಸರಿ ಎಂದ. ಸರಿಹೋಯಿತು. ಆದರೆ ಒಬ್ಬನ ಎತ್ತುಗಳು ಹಳ್ಳಕ್ಕೆ ಇಳಿಯುತ್ತಿದ್ದ ಓಣಿ ಇನ್ನೊಬ್ಬನ ಪಾಲಿಗೆ ಹೋಯಿತು. ನಾನು ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ಓಣಿಯಲ್ಲಿ ದೊಣ್ಣೆ ಎದ್ದು, ಒಬ್ಬನ ತೋಳು ಮುರಿದು, ಆ ಕೈ ಮತ್ತೆ ನೇಗಿಲು ಹಿಡಿಯಲಿಲ್ಲ. ಅಷ್ಟರಲ್ಲಿ ಅಧಿಕಾರಿಗೆ ನಾಗಮಂಗಲಕ್ಕೆ ವರ್ಗವಾಗಿತ್ತು. ಹಗ್ಗವನ್ನೂ ಜೊತೆಗೇ ಕೊಂಡುಹೋಗಿದ್ದ.

ಇನ್ನು ಹಿಡಿಮಣ್ಣಿನ ವಿಷಯ. ಇದು ತಿಳಿದಿರಲೇಬೇಕು. ಒಂದು ಬೆಳೆಯ ಮಟ್ಟಿಗೆ ಉಳುಮೆ ಬದಲಾಯಿಸಿಕೊಳ್ಳುವವರಿಗೆ ಬಾಯಿಮಾತು ಸಾಕು. ಭೂಮಿಯೇ ಶಾಶ್ವತವಾಗಿ ಬದಲಾದರೆ ಮಣ್ಣು ಕೈ ಬದಲಾಗಬೇಕು. ಕೊಡುವವನು ತನ್ನ ಭೂಮಿಯ ಮಣ್ಣನ್ನು ನೀರು ಹಾಕಿ ಕಲಸಿ, ಬಲಗೈ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಆ ಮುದ್ದೆಯನ್ನು ಪಡೆಯುವವನ ಮಡಿಲಿಗೆ ಹಾಕುತ್ತಾನೆ. ಬೆರಳಿನ ಗುರುತು ಅದರ ಮೇಲೆ ಹಾಗೇ ಇರುತ್ತದೆ. ಪಡೆದವನು ಮನೆಗೆ ಒಯ್ದು ದೇವರ ಗೂಡಿನಲ್ಲಿಡುತ್ತಾನೆ. ಹೊಲದ ಮೂಲೆಗೆ ಹೊಸ ಕಲ್ಲು ನೆಟ್ಟು, ಕಲ್ಲಿನ ಕೆಳಗೆ ಇದ್ದಿಲು, ಮಡಕೆಯ ಚೂರು ಹಾಕಿ ಮುಚ್ಚುತ್ತೇವೆ. ಯಾರಾದರೂ ಕಲ್ಲು ಕಿತ್ತು ಬಿಸಾಡಿದರೂ ಇದ್ದಿಲು ಕೊಳೆಯುವುದಿಲ್ಲ, ಅಗೆದರೆ ಸಿಗುತ್ತದೆ ಎಂಬ ಧೈರ್ಯ ನಮ್ಮದು. ಆ ಧೈರ್ಯ ಎಷ್ಟು ದಿನದ್ದು ಎಂದು ಮುಂದೆ ಹೇಳುತ್ತೇನೆ.

ಬೋರೇಗೌಡ ಮತ್ತು ಮರೀಗೌಡ ನಗುತ್ತ ಬಂದವರು. ಬೋರೇಗೌಡನದು ಕೆರೆಯ ಕೆಳಗಿನ ಗದ್ದೆ, ಊರಿಗೇ ಒಳ್ಳೆಯ ಗದ್ದೆ, ಕಪ್ಪು ಜೇಡಿ ಮಣ್ಣು. ಅದಕ್ಕೆ ತಾಗಿದ ದಿಬ್ಬದ ಮೇಲೆ ಮರೀಗೌಡನ ಕೆಂಪು ಹೊಲ, ಅದರಲ್ಲೊಂದು ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ. ಬೋರೇಗೌಡ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಕಳೆದುಕೊಂಡಿದ್ದ. ಕೆಸರಿನಲ್ಲಿ ನೇಗಿಲ ಮೇಣಿ ಜಾರುತ್ತಿತ್ತು, ನಾಟಿಯ ಹೊತ್ತಿಗೆ ಕೈ ಊದುತ್ತಿತ್ತು. ಒಣ ಹೊಲವಾದರೆ ಹೇಗೋ ನಿಭಾಯಿಸಿಯೇನು, ಬಾವಿಯ ಹತ್ತಿರ ಹೆಂಡತಿಯೂ ಕೈ ಹಾಕುತ್ತಾಳೆ ಎಂದು ಅವನ ಎಣಿಕೆ. ಮರೀಗೌಡನಿಗಂತೂ ಗದ್ದೆ ಸಿಗುವುದೆಂದರೆ ಲಾಭವೇ ಲಾಭ. ಅದನ್ನು ಅವನು ಮುಚ್ಚಿಡಲೂ ಇಲ್ಲ.

ಬೋರೇಗೌಡನ ಹೆಂಡತಿ ಚಿಕ್ಕತಾಯಮ್ಮನನ್ನು ನಾನೇ ಕೇಳಿದೆ. ಗದ್ದೆ ಬಿಡುವುದು ಆಕೆಗೆ ಸಂಕಟವಾಗಿತ್ತು, ಆದರೂ ಗಂಡನ ಕೈ ನೋಡಿ ಒಪ್ಪಿದಳು. ಗದ್ದೆಯ ಬದುವಿನ ಮೇಲೆ ಪಟೇಲ, ಕುಳವಾಡಿ, ನಾನು ನಿಂತಿದ್ದೆವು. ಬೋರೇಗೌಡ ಮಣ್ಣು ಹಿಂಡಿ ಕೊಟ್ಟ. ಬೆರಳಿಲ್ಲದ ಕಡೆ ಮಣ್ಣು ಹಿಡಿತ ತಪ್ಪಿ ಉಬ್ಬಿಕೊಂಡು, ಮುದ್ದೆ ಸೊಟ್ಟಗೆ ಬಂದಿತ್ತು.

"ಏನ್ಲಾ ಬೋರ, ಮಣ್ಣು ಕೊಡದ್ರಲ್ಲೂ ಸೊಟ್ಟ ಮಾಡ್ತೀಯಲ್ಲಾ" ಎಂದು ಮರೀಗೌಡ ಛೇಡಿಸಿದ.

"ಇರೋ ಬೆರಳ್ನೆಲ್ಲ ಒತ್ತಿದೀನಿ ಕಣ್ಲಾ, ಇನ್ನೆಲ್ಲಿಂದ ತರ್ಲಿ" ಎಂದ ಬೋರೇಗೌಡ. ಎಲ್ಲರೂ ನಕ್ಕೆವು. ಮುದ್ದೆಯನ್ನು ಮರೀಗೌಡನ ತಾಯಿ ನಿಂಗಮ್ಮ ಸೆರಗಿನಲ್ಲಿ ಈಸಿಕೊಂಡು ಮನೆಗೆ ಒಯ್ದಳು. ಕೆಂಪು ಹೊಲದ ಮಣ್ಣನ್ನು ಚಿಕ್ಕತಾಯಮ್ಮ ಒಯ್ದಳು. ಒಂದೆರಡು ಬೆಳೆ ಇಬ್ಬರೂ ನೆಮ್ಮದಿಯಾಗಿ ತೆಗೆದರು.

ಆಮೇಲೆ ದಂಡು ಬಂತು. ಯಾರ ದಂಡು ನಿಮ್ಮೂರನ್ನು ಸುಟ್ಟಿತು ಎಂದು ಈಗಿನವರು ಕೇಳುತ್ತಾರೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಬಂದವರಿಗೆ ಹುಲ್ಲು, ಕಾಳು, ನೀರು ಸಿಗಬಾರದೆಂದು ಒಬ್ಬರು ಸುಟ್ಟರು. ಉಳಿದದ್ದನ್ನು ಬಂದವರು ಸುಟ್ಟರು. ಕೆರೆಯ ಏರಿ ಒಡೆದವರು ಯಾರೆಂದು ನಾನು ಕಣ್ಣಾರೆ ನೋಡಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಾನು ಮನೆಯವರನ್ನು ಕಟ್ಟಿಕೊಂಡು ಬೆಳ್ಳೂರಿನ ಕಡೆ ಸೋದರಮಾವನ ಊರಿಗೆ ಓಡಿದೆ. ಕಡತಗಳನ್ನು ಅಟ್ಟದ ಮೇಲೆ ಬಿಟ್ಟಿದ್ದೆ. ಅಟ್ಟವೂ ಉಳಿಯಲಿಲ್ಲ.

ಬೋರೇಗೌಡನನ್ನು ಎತ್ತುಗಳ ಸಮೇತ ಹಿಡಿದು ಫಿರಂಗಿ ಎಳೆಯಲು ಕರೆದೊಯ್ದರು. ಹಿರೋಡೆಯ ದಾರಿಯಲ್ಲಿ ಅವನನ್ನು ನೋಡಿದೆವು ಎಂದವರಿದ್ದರು. ಅದಾದ ಮೇಲೆ ನೋಡಿದವರು ಯಾರೂ ಇಲ್ಲ. ಚಿಕ್ಕತಾಯಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಕಾಡು ಬಿದ್ದಳು. ಊರಿಗೆ ವಾಪಸಾದಾಗ ಒಬ್ಬ ಮಗ ಮಾತ್ರ ಜೊತೆಗಿದ್ದ. ಹೆಣ್ಣುಮಗುವಿನ ವಿಚಾರ ನಾವು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಮುತ್ತಿಗೆ ಮುಗಿದು ಒಪ್ಪಂದವಾದ ಮೇಲೆ ಜನ ಒಬ್ಬೊಬ್ಬರಾಗಿ ಬಂದರು. ಪಟೇಲ ಬರಲಿಲ್ಲ, ಕುಳವಾಡಿ ಬರಲಿಲ್ಲ. ಕೆರೆಯಲ್ಲಿ ಹನಿ ನೀರಿಲ್ಲ. ಒಡೆದ ಏರಿಯಿಂದ ನುಗ್ಗಿದ ಮರಳು ಗದ್ದೆಗಳನ್ನೆಲ್ಲ ಮುಚ್ಚಿತ್ತು. ಊರಿನಲ್ಲಿ ನೀರಿದ್ದದ್ದು ದಿಬ್ಬದ ಮೇಲಿನ ಆ ಬಾವಿಯಲ್ಲಿ ಮಾತ್ರ. ಚಿಕ್ಕತಾಯಮ್ಮ ಅದರೊಳಗೆ ಬಿದ್ದಿದ್ದ ಕೊಳಕನ್ನೆಲ್ಲ ತಾನೇ ಇಳಿದು ಎತ್ತಿದಳು. ಎತ್ತುಗಳಿಲ್ಲ, ಕಪಿಲೆಯಿಲ್ಲ. ಮಡಕೆಯಲ್ಲಿ ನೀರು ಸೇದಿ ಹೊಯ್ದು ಅಂಗೈಯಗಲ ರಾಗಿ ಪೈರು ಎಬ್ಬಿಸಿದಳು.

ಪೈರು ಮೊಣಕಾಲಿಗೆ ಬಂದಾಗ ಮರೀಗೌಡ ಎದ್ದುನಿಂತ. ಭೂಮಿ ಬದಲಾಗಲೇ ಇಲ್ಲ, ಬೆಳೆಯ ಮಟ್ಟಿಗೆ ಉಳುಮೆ ಮಾತ್ರ ಬದಲಾಯಿಸಿಕೊಂಡಿದ್ದೆವು, ಈಗ ಬೋರ ಇಲ್ಲ, ನನ್ನ ಹೊಲ ನನಗೆ ಬರಬೇಕು ಎಂದ. ನನಗೆ ಮೈಯೆಲ್ಲ ಉರಿಯಿತು. ನಾನೇ ನಿಂತು ಮಾಡಿಸಿದ ಬದಲು ಅದು. ನನ್ನೆದುರಿಗೇ ಹೀಗೆ ಹೇಳುತ್ತೀಯಲ್ಲಾ ಎಂದರೆ, ಅವನು ಮುಖ ತಿರುಗಿಸಿಕೊಂಡು ಕಡತ ತೋರಿಸಿ ಎಂದ. ಆದರೆ ಒಂದು ಮಾತು ಬರೆಯಲೇಬೇಕು. ಅವನ ಹೆಂಡತಿ ಕಾಡಿನಲ್ಲಿ ಭೇದಿ ಹತ್ತಿ ಸತ್ತಿದ್ದಳು. ಅವನ ಮಕ್ಕಳು ಹುಣಸೆಬೀಜ ಹುರಿದು ತಿನ್ನುವುದನ್ನು ನಾನು ನೋಡಿದ್ದೇನೆ. ಮರಳಿನಲ್ಲಿ ಏನೂ ಬೆಳೆಯದು. ಇಬ್ಬರಿಗೂ ಬೇಕಾಗಿದ್ದದ್ದು ಅದೇ ಅಂಗೈಯಗಲ ರಾಗಿ. ಹೊಲ ಕೈತಪ್ಪಿದರೆ ಚಿಕ್ಕತಾಯಮ್ಮನ ಮಗ ಆ ಮಳೆಗಾಲ ದಾಟುತ್ತಿರಲಿಲ್ಲ.

ವ್ಯಾಜ್ಯ ತೀರಿಸಲು ಅತ್ತಿಗುಪ್ಪೆಯ ಕಚೇರಿಯಿಂದ ಪಾರುಪತ್ಯಗಾರ ಬಂದ. ಹೊಸಬ, ಸಣಕಲು ಆಳು, ಮಾತಿಗೊಮ್ಮೆ ಕೆಮ್ಮುತ್ತಿದ್ದ. ಕೆಟ್ಟವನಲ್ಲ. ಚಾವಡಿಯ ಅರ್ಧ ಗೋಡೆಯ ನೆರಳಿನಲ್ಲಿ ಕೂತು ಎಲ್ಲರ ಮಾತನ್ನೂ ಕೇಳಿದ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ನಿಮ್ಮ ಮಾತನ್ನು ನಾನು ನಂಬುತ್ತೇನೆ ಶಾನುಭೋಗರೆ. ಆದರೆ ಒಬ್ಬರ ಬಾಯಿಮಾತಿನ ಮೇಲೆ ಭೂಮಿ ಕೊಟ್ಟರೆ ನಾಳೆ ಸೀಮೆಯಲ್ಲಿ ಯಾವ ಹೊಲವೂ ಯಾರದ್ದೂ ಆಗಿ ಉಳಿಯುವುದಿಲ್ಲ" ಎಂದ. ನನ್ನ ವೃತ್ತಿಯಲ್ಲಿ ಅಧಿಕಾರಿಗಳು ಆಡಿದ ಮಾತುಗಳಲ್ಲಿ ಇದೊಂದನ್ನು ನಾನು ಈಗಲೂ ಸರಿ ಎನ್ನುತ್ತೇನೆ.

ಕಲ್ಲು ನೋಡೋಣ ಎಂದು ಹೊಲಕ್ಕೆ ಹೋದೆವು. ಕಲ್ಲನ್ನು ದಂಡಿನವರು ಒಲೆ ಹೂಡಲು ಕಿತ್ತಿದ್ದರು. ನಾನು ಮೂಲೆಯನ್ನು ತೋರಿಸಿ ಅಗೆಸಿದೆ. ಇದ್ದಿಲು ಬಂತು, ಮಡಕೆಯ ಚೂರೂ ಬಂತು. ನನ್ನ ಎದೆ ಹಗುರಾಯಿತು. ಮರೀಗೌಡ ಗುದ್ದಲಿ ಈಸಿಕೊಂಡು ನಾಲ್ಕು ಮಾರು ಆಚೆಗೆ ಅಗೆದ. ಅಲ್ಲಿಯೂ ಇದ್ದಿಲು, ಅಲ್ಲಿಯೂ ಮಡಕೆಯ ಚೂರು. ಹೊಲದ ನಡುವೆ ಅಗೆದರೂ ಅದೇ. ದಂಡು ಬೀಡುಬಿಟ್ಟಾಗ ಗುಂಡಿ ತೋಡಿ ಅಡುಗೆ ಮಾಡಿ, ಒಡಕು ಮಡಕೆಗಳನ್ನು ಅದರಲ್ಲೇ ಬಿಸಾಡಿ ಮುಚ್ಚಿ ಹೋಗಿತ್ತು. ನಮ್ಮ ಅಜ್ಜಂದಿರು ಊರೆಲ್ಲ ಒಂದೇ ಸಲ ಸುಟ್ಟುಹೋದೀತು ಎಂದು ಎಣಿಸಿದ್ದರೆ ಇದ್ದಿಲನ್ನು ಗುರುತಿಗೆ ಇಡುತ್ತಿರಲಿಲ್ಲ. ಅಗೆದ ಗುಂಡಿಗಳ ನಡುವೆ ನಿಂತು ನನಗೆ ಅಳು ಬಂತು. ಕೆಲಸದ ಮೇಲಿದ್ದಾಗ ನಾನು ಅತ್ತದ್ದು ಅವತ್ತೇ.

ಹಿಡಿಮಣ್ಣು ಎಲ್ಲಿ ಎಂದು ಪಾರುಪತ್ಯಗಾರ ಕೇಳಿದ. ಚಿಕ್ಕತಾಯಮ್ಮ ಸೊಂಟದಿಂದ ಒಂದು ಗಂಟು ಬಿಚ್ಚಿದಳು. ಓಡುವಾಗ ಪಾತ್ರೆ ಪಡಗ ಬಿಟ್ಟು ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿದ್ದಳಂತೆ. ಕೆಂಪು ಮೊರಬು ಮಣ್ಣು ಅದು, ಅದರಲ್ಲಿ ಅಂಟು ಇರುವುದಿಲ್ಲ. ನಡೆದು ನಡೆದು ಪುಡಿಯಾಗಿ, ಗಂಟಿನಲ್ಲಿ ಬರಿ ಕೆಂಪು ಧೂಳಿತ್ತು. ಇಂಥ ಧೂಳನ್ನು ಯಾರು ಬೇಕಾದರೂ ಕಟ್ಟಿಕೊಂಡು ಬರಬಹುದು ಎಂದ ಮರೀಗೌಡ. ಪಾರುಪತ್ಯಗಾರ ತಲೆ ತಗ್ಗಿಸಿದ. ನಿನಗೆ ಕೊಟ್ಟ ಕಪ್ಪು ಮಣ್ಣು ಎಲ್ಲಿ ಎಂದು ಅವನನ್ನೂ ಕೇಳಿದ. ಯಾವ ಮಣ್ಣನ್ನೂ ಯಾರೂ ಕೊಡಲಿಲ್ಲ ಬುದ್ಧಿ ಎಂದ ಮರೀಗೌಡ.

ಅಷ್ಟು ಹೊತ್ತೂ ಅವನ ತಾಯಿ ನಿಂಗಮ್ಮ ಬೇವಿನ ಮೋಟಿನ ಹತ್ತಿರ ಕೂತಿದ್ದಳು. ಎದ್ದು ಮನೆಯ ಕಡೆ ಹೋದಳು. ಕೇಳಲಾರದೆ ಹೋದಳೆಂದುಕೊಂಡೆ. ಮಗನ ಹೊಸ ಗುಡಿಸಲಿನಲ್ಲಿ ನೀರಿನ ಹರವಿ ಅಲ್ಲಾಡದಂತೆ ಅಡಿಗೆ ಏನನ್ನೋ ಒತ್ತು ಕೊಟ್ಟಿದ್ದಳಂತೆ. ಅದನ್ನು ಎಳೆದುಕೊಂಡು, ಹರವಿ ಉರುಳಿದರೆ ಉರುಳಲಿ ಎಂದು ಬಂದಿದ್ದಳು. ಸೆರಗೆಲ್ಲ ನೀರಾಗಿತ್ತು. ಪಾರುಪತ್ಯಗಾರನ ಮುಂದೆ ಇಟ್ಟಳು.

ಜೇಡಿ ಮಣ್ಣಿನ ಮುದ್ದೆ. ಹಳೆಯ ಮನೆ ಉರಿದಾಗ ದೇವರ ಗೂಡಿನಲ್ಲಿದ್ದು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿಯಾಗಿತ್ತು. ಹೆಬ್ಬೆರಳಿನ ಗುಳಿ, ಅದರೆದುರಿಗೆ ಎರಡು ಬೆರಳಿನ ಅಚ್ಚು. ಆಮೇಲೆ ಏನೂ ಇಲ್ಲ, ಸೊಟ್ಟಗೆ ಉಬ್ಬಿದ ಮಣ್ಣು.

"ನಮ್ಮನೇಲಿ ಯಾರ್ಗೂ ಬೆರಳು ಕಮ್ಮಿ ಇಲ್ಲ ಬುದ್ಧಿ" ಎಂದಳು ನಿಂಗಮ್ಮ.

ಮರೀಗೌಡ ತಾಯಿಯ ಮುಖವನ್ನೇ ನೋಡುತ್ತ ನಿಂತ. ಕೂಗಾಡಲಿಲ್ಲ. "ಉಡುಗ್ರು ಏನ್ ತಿಂದಾವು ಅವ್ವ" ಎಂದ ಅಷ್ಟೆ. ಆ ಮಕ್ಕಳು ಅವಳ ಮೊಮ್ಮಕ್ಕಳೇ ಅಲ್ಲವೇ. ನಾನು ಗೆದ್ದ ಪಕ್ಷದವನು, ಆದರೂ ಆಗ ನನಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ.

ಪಾರುಪತ್ಯಗಾರ ಹೊಲ ಚಿಕ್ಕತಾಯಮ್ಮನದೇ ಎಂದು ತೀರ್ಮಾನ ಹೇಳಿದ. ಆಕೆ ಆ ಕಡೆ ಕಿವಿಯನ್ನೇ ಕೊಡಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮುದ್ದೆಯನ್ನು ಎತ್ತಿಕೊಂಡು, ತನ್ನ ಬೆರಳುಗಳನ್ನು ಆ ಅಚ್ಚಿನೊಳಗೆ ಇಟ್ಟಳು. ಅಚ್ಚು ದೊಡ್ಡದು, ಆಕೆಯ ಬೆರಳು ಒಳಗೆ ಅಲ್ಲಾಡುತ್ತಿತ್ತು. ಗಂಡನ ಹೆಣ ಆಕೆಗೆ ಸಿಕ್ಕಿರಲಿಲ್ಲ, ಕ್ರಿಯೆ ಮಾಡಿರಲಿಲ್ಲ.

"ಇದ್ನ ನಂಗೆ ಕೊಟ್ಬುಡಿ ಬುದ್ಧಿ. ಹೊಲದ್ ಮೂಲೇಲಿ ಮಣ್ಣು ಮಾಡ್ತೀನಿ" ಎಂದಳು.

ಪಾರುಪತ್ಯಗಾರ ಬಹಳ ಹೊತ್ತು ಕೆಮ್ಮಿದ. ಆಮೇಲೆ ನಿಧಾನವಾಗಿ ವಿವರಿಸಿ ಹೇಳಿದ. ಕೊಡಬಾರದೆಂದಲ್ಲ ತಾಯಿ. ಇದು ಎದುರಾಳಿಯ ಮನೆಯಿಂದ ಬಂದದ್ದು ಎಂಬುದರಲ್ಲೇ ಇದರ ಬೆಲೆ ಇರುವುದು. ನನ್ನ ಮುದ್ರೆ ಬಿದ್ದು ಕಚೇರಿಯಲ್ಲಿದ್ದರೆ ಸಾಕ್ಷಿ. ನಿನ್ನ ಕೈಗೆ ಬಂದರೆ, ನಾಳೆ ಇವನು ಮೇಲಿನ ಕಚೇರಿಗೆ ಹೋದಾಗ, ಇವಳೇ ಒತ್ತಿ ಸುಟ್ಟುಕೊಂಡಳು ಎಂದುಬಿಡುತ್ತಾನೆ. ಆಗ ಹೊಲ ಹೋದೀತು. ನೀನೇ ಯೋಚಿಸಿ ಹೇಳು ಎಂದ.

ಮಗ ಅಲ್ಲೇ ಪೈರಿನ ಅಂಚಿನಲ್ಲಿ ನಿಂತಿದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಚಿಕ್ಕತಾಯಮ್ಮ ಅವನನ್ನು ನೋಡಿದಳು, ಮುದ್ದೆಯನ್ನು ನೋಡಿದಳು. ಸೆರಗಿನಿಂದ ಅದರ ಧೂಳು ಒರೆಸಿದಳು.

"ಮಡಿಕಳಿ ಬುದ್ಧಿ. ಉಡುಗುಂಗೆ ರಾಗಿ ಬೇಕು" ಎಂದು ನನ್ನ ಕೈಗೆ ಕೊಟ್ಟಳು.

ನಾನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿಸಿದೆ. ಅದು ಅತ್ತಿಗುಪ್ಪೆಗೆ ಹೋಯಿತು, ಅಲ್ಲಿಂದ ತೀರ್ಮಾನದ ಪತ್ರದ ಜೊತೆ ಶ್ರೀರಂಗಪಟ್ಟಣದ ಕಚೇರಿಗೆ ಹೋಯಿತು. ಮರೀಗೌಡ ಮೇಲಿನ ಯಾವ ಕಚೇರಿಗೂ ಹೋಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಕೊಂಗುಸೀಮೆಯ ಕಡೆ ಕೂಲಿಗೆ ಹೊರಟ. ನಿಂಗಮ್ಮ ಗಂಟು ಹೊತ್ತು ಹಿಂದೆ ನಡೆದಳು. ಅವನು ತಿರುಗಿ ನೋಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವರಲ್ಲಿ ಒಬ್ಬರೂ ಮತ್ತೆ ಊರಿಗೆ ಬಂದಿಲ್ಲ. ಸಾಕ್ಷಿ ಯಾರಿಗೂ ಬೇಕಾಗಲೇ ಇಲ್ಲ.

ಕೆಲವು ವರ್ಷಗಳ ಮೇಲೆ, ಇನ್ನೊಂದು ಮುತ್ತಿಗೆಯಲ್ಲಿ ಪಟ್ಟಣದ ಕೋಟೆ ಬಿದ್ದಾಗ, ಹೊಸ ಸರ್ಕಾರದವರು ಶಾನುಭೋಗರನ್ನೆಲ್ಲ ಲೆಕ್ಕ ಒಪ್ಪಿಸಲು ಅಲ್ಲಿಗೆ ಕರೆಸಿದರು. ಹೆಣಗಳನ್ನು ಎತ್ತಿಯಾಗಿತ್ತು, ವಾಸನೆ ಹೋಗಿರಲಿಲ್ಲ. ಕಚೇರಿಯ ಅಂಗಳದಲ್ಲಿ ಸುಟ್ಟ ಕಾಗದ, ಒಡೆದ ಪೆಟ್ಟಿಗೆ, ಹೆಂಚಿನ ಚೂರು ರಾಶಿ ಬಿದ್ದಿತ್ತು. ನಾನು ಪಂಚೆ ಎತ್ತಿ ಕಟ್ಟಿ ಆ ರಾಶಿಯನ್ನು ಕೆದಕಿದೆ. ಪಹರೆಯವನು ಚಿನ್ನ ಹುಡುಕುತ್ತಿದ್ದೀಯಾ ಎಂದು ಗದರಿದ. ಮಣ್ಣಿನ ಮುದ್ದೆ ಎಂದೆ. ಹುಚ್ಚನೆಂದುಕೊಂಡು ಆಚೆಗೆ ದಬ್ಬಿದ. ಅದು ಸಿಗಲಿಲ್ಲ.

ಊರಿಗೆ ಬಂದು ಚಿಕ್ಕತಾಯಮ್ಮನಿಗೆ ಹೇಳಿದೆ. ಆಕೆ ಕಣದಲ್ಲಿ ರಾಗಿ ತೂರುತ್ತಿದ್ದಳು. ಮಗ ಮೊರ ತುಂಬಿಕೊಡುತ್ತಿದ್ದ, ಎತ್ತರಕ್ಕೆ ಬೆಳೆದಿದ್ದ. ಆಕೆ ಕೈ ನಿಲ್ಲಿಸಿದಳು.

"ಉಡುಕಕ್ಕೆ ಓಗಿದ್ರಾ ಸಾಮಿ" ಎಂದಳು. ಆಮೇಲೆ ಮಗನ ಕಡೆ ನೋಡಿ, "ಇವನ್ದೂ ಅಂತದ್ದೇ ಕೈ. ಆದ್ರೆ ಐದು ಬೆರಳೂ ಅವೆ" ಎಂದಳು. ಮತ್ತೆ ಮೊರ ಎತ್ತಿದಳು.

ಆವತ್ತಿನಿಂದ ನಾನು ಮಾಡಿಸಿದ ಅದಲು ಬದಲುಗಳಲ್ಲೆಲ್ಲ ಕೊಡುವವನ ಕೈಯಲ್ಲಿ ಎರಡು ಮುದ್ದೆ ಹಿಂಡಿಸಿದೆ. ಒಂದು ಪಡೆದವನ ಮನೆಗೆ. ಇನ್ನೊಂದನ್ನು ಕೆಂಡದಲ್ಲಿ ಸುಡಿಸಿ ಕೊಟ್ಟವನ ಹೆಂಡತಿಯ ಕೈಗೆ. ಇದು ಯಾವ ಶಾಸನದಲ್ಲೂ ಇಲ್ಲ. ಅಧಿಕಾರಿಗಳು ಕೇಳಿದರೆ ಸಾಕ್ಷಿಗೆ ಎಂದು ಹೇಳಿಬಿಡಿ, ಒಪ್ಪುತ್ತಾರೆ. ಅವಳು ಯಾಕೆ ಎಂದು ಕೇಳಿದರೆ ಏನೂ ವಿವರಿಸಲು ಹೋಗಬೇಡಿ. ಮನೆಯಲ್ಲಿಟ್ಟುಕೊಂಡಿರಮ್ಮ ಎಂದು ಹೇಳಿ ಕೊಟ್ಟುಬಿಡಿ.